ಪೇಟೆ ಬೀದಿ: ನಿಂತ ಗಾಡಿಗೆಷ್ಟು, ನಡೆಯುವ ಕಾಲಿಗೆಷ್ಟು?

ಪೇಟೆ ಬೀದಿಗಳ ಬಗ್ಗೆ ಪ್ರಶ್ನೆ ಬರೆಯಿರಿ ಎಂದು ಓದುಗರನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ನಗರ ರಸ್ತೆಗಳ ವಿನ್ಯಾಸದಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿರುವ ಎಂಜಿನಿಯರ್ ಒಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮದು ಅಪ್ಪನ ಕಾಲದಿಂದ ಬಂದ ಜವಳಿ ಅಂಗಡಿ. ಬೀದಿಯಲ್ಲಿ ಪಾರ್ಕಿಂಗ್ ತೆಗೆದು ಫುಟ್‌ಪಾತ್ ಅಗಲ ಮಾಡುತ್ತಾರೆಂದು ಸುದ್ದಿ. ಗಾಡಿ ನಿಲ್ಲಿಸಲು ಜಾಗ ಇಲ್ಲದಿದ್ದರೆ ಗಿರಾಕಿ ಮಾಲ್‌ಗೆ ಹೋಗುತ್ತಾನೆ. ಮದುವೆ ಸೀಸನ್ನಿನಲ್ಲಿ ನಾವು ನೊಣ ಹೊಡೆಯಬೇಕೆ?
— ಜವಳಿ ವ್ಯಾಪಾರಿ, ದಾವಣಗೆರೆ

ಉತ್ತರ: ನಿಮ್ಮ ಆತಂಕ ಹೊಸದಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1962ರಲ್ಲಿ ಸ್ಟ್ರೋಯೆಟ್ ಎಂಬ ಮುಖ್ಯ ಪೇಟೆ ಬೀದಿಯಿಂದ ಕಾರುಗಳನ್ನು ಹೊರಗಿಟ್ಟಾಗ ಅಲ್ಲಿನ ಅಂಗಡಿಯವರೂ ಇದನ್ನೇ ಹೇಳಿದ್ದರು. ಅದು ಇಂದಿಗೂ ಆ ಊರಿನ ಅತಿ ಗಿಜಿಗುಡುವ ವ್ಯಾಪಾರದ ಬೀದಿ. ಅಷ್ಟು ದೂರದ ಉದಾಹರಣೆ ಬೇಡವೆಂದರೆ ಚೆನ್ನೈನ ಪಾಂಡಿ ಬಜಾರ್ ನೋಡಿ ಬನ್ನಿ. 2019ರಲ್ಲಿ ಅಲ್ಲಿ ಫುಟ್‌ಪಾತ್ ಅಗಲ ಮಾಡಿ ವಾಹನಗಳ ಪಾಲನ್ನು ಕಡಿಮೆ ಮಾಡಿದರು. ಅದೂ ನಿಮ್ಮಂತೆ ಜವಳಿ, ಚಿನ್ನದ ಬೀದಿಯೇ.

ಆದರೆ ಬೇರೆ ಊರಿನ ಕಥೆ ಹೇಳಿ ನಿಮ್ಮನ್ನು ಒಪ್ಪಿಸುವ ಇರಾದೆ ನನಗಿಲ್ಲ. ಒಂದು ಕೆಲಸ ಮಾಡಿ. ಅಂಗಡಿಯ ಹುಡುಗನೊಬ್ಬನ ಕೈಗೆ ನೋಟ್‌ಪುಸ್ತಕ ಕೊಟ್ಟು ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ನಿಮ್ಮ ಮುಂದಿನ ನಾಲ್ಕೈದು ಅಂಗಡಿಗಳಷ್ಟು ಉದ್ದದಲ್ಲಿ ನಿಲ್ಲುವ ಗಾಡಿಗಳ ನಂಬರ್ ಬರೆಸಿ. ಬಂದ ಹೊತ್ತು, ಹೋದ ಹೊತ್ತು, ಯಾರದ್ದು, ಇಷ್ಟು ಸಾಕು. ನಾನು ಇಂಥ ಪಟ್ಟಿ ನೋಡಿದ ಪೇಟೆಗಳಲ್ಲೆಲ್ಲ ಬೆಳಿಗ್ಗೆ ಬಂದು ಸಂಜೆಯವರೆಗೂ ಅಲ್ಲಾಡದ ಗಾಡಿಗಳು ಅಂಗಡಿ ಮಾಲೀಕರವು, ಕೆಲಸದವರವು, ಮೇಲಿನ ಮಹಡಿಯ ಆಫೀಸಿನವರವು. ಗಿರಾಕಿ ಎರಡು ಸುತ್ತು ಹೊಡೆದು, ಜಾಗ ಸಿಗದೆ, ಡಬಲ್ ಪಾರ್ಕ್ ಮಾಡಿ ಹೆಂಡತಿಯನ್ನು ಇಳಿಸಿ ಸ್ಟೇರಿಂಗ್ ಹಿಡಿದೇ ಕೂತಿರುತ್ತಾನೆ. ಅಂದರೆ ಈಗಲೂ ನಿಮ್ಮ ಗಿರಾಕಿಗೆ ಪಾರ್ಕಿಂಗ್ ಇಲ್ಲ!

ಲೆಕ್ಕ ನೋಡಿ. ಒಂದು ಕಾರು ನಿಲ್ಲಲು ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಹನ್ನೆರಡೂವರೆ ಚದರ ಮೀಟರ್. ಅಲ್ಲಿ ಒಂದೇ ಕಾರು ಒಂಬತ್ತು ಗಂಟೆ ನಿಂತರೆ ಆ ಜಾಗದಿಂದ ನಿಮಗೆ ಬಂದ ಗಿರಾಕಿ ಹೆಚ್ಚೆಂದರೆ ಒಂದು ಮನೆಯವರು. ಮುಕ್ಕಾಲು ಗಂಟೆಗೊಂದರಂತೆ ಬದಲಾದರೆ ಹನ್ನೆರಡು ಮನೆಯವರು. ಆದ್ದರಿಂದ ನೀವು ಕೇಳಬೇಕಾದದ್ದು "ಪಾರ್ಕಿಂಗ್ ತೆಗೆಯಬೇಡಿ" ಎಂದಲ್ಲ. ಒಂದು ಬದಿಯ ಪಾರ್ಕಿಂಗ್ ಉಳಿಸಿ, ಗಂಟೆಯ ಲೆಕ್ಕದಲ್ಲಿ ದುಡ್ಡು ವಸೂಲು ಮಾಡಿ, ಮೊದಲ ಗಂಟೆ ಅಗ್ಗ, ಮೂರನೆಯ ಗಂಟೆ ದುಬಾರಿ ಮಾಡಿ ಎಂದು ಕೇಳಿ. ಕೆಲಸದವರ ಸ್ಕೂಟರ್‌ಗಳಿಗೆ ಹಿಂದಿನ ಬೀದಿಯಲ್ಲೋ ಖಾಲಿ ಸೈಟಿನಲ್ಲೋ ವ್ಯವಸ್ಥೆ ಕೇಳಿ. ಪುಕ್ಕಟೆ ಜಾಗದಲ್ಲಿ ಗಾಡಿ ಬಿಟ್ಟವನು ಹೊರಡಲು ಅವಸರ ಮಾಡುವುದಿಲ್ಲ.

ಇನ್ನು ಸರಕಿನ ವಿಷಯ. ಇದನ್ನು ಮರೆಯುವ ವಿನ್ಯಾಸಕರು ಬಹಳ ಜನ ಇದ್ದಾರೆ. ಬೇಲ್ ಇಳಿಸುವ ಟೆಂಪೊ ಬರಲೇಬೇಕು. ದೆಹಲಿಯ ಚಾಂದನಿ ಚೌಕದ ಮುಖ್ಯ ಬೀದಿಗೆ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ವಾಹನ ಬಿಡದಂತೆ ನಿಯಮ ಮಾಡಿದಾಗ ಸರಕು ಸಾಗಣೆ ರಾತ್ರಿಗೆ ಸರಿಯಿತು. ನಿಮ್ಮಲ್ಲಿ ಬೆಳಿಗ್ಗೆ ಒಂಬತ್ತರ ಒಳಗೆ ಎಂದು ಗೊತ್ತುಮಾಡಿದರೆ ಸಾಲಬಹುದು. ಆದರೆ ಕಬ್ಬಿಣ, ಸಿಮೆಂಟು, ಪೀಠೋಪಕರಣದ ಬೀದಿಯಾಗಿದ್ದರೆ ನಾನು ಈ ಸಲಹೆಯನ್ನೇ ಕೊಡುತ್ತಿರಲಿಲ್ಲ. ಅಲ್ಲಿ ಗಿರಾಕಿ ಕೈಚೀಲದಲ್ಲಿ ಒಯ್ಯುವಂಥದ್ದು ಏನೂ ಇಲ್ಲ.

ಪ್ರಶ್ನೆ: ನಮ್ಮ ರಸ್ತೆಯಲ್ಲಿ ಫುಟ್‌ಪಾತ್ ಇದೆ. ಆದರೂ ನಾನು ರಸ್ತೆಯಲ್ಲೇ ನಡೆಯುತ್ತೇನೆ, ಎಲ್ಲರೂ ಹಾಗೇ. "ಫುಟ್‌ಪಾತ್ ಮಾಡಿಕೊಟ್ಟರೂ ನೀವು ಬಳಸಲ್ಲ" ಎಂದು ಮಗ ಬೈಯುತ್ತಾನೆ. ತಪ್ಪು ನಮ್ಮದೇ?
— ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಅಲ್ಲ ಮೇಡಂ. ಮಗನನ್ನು ಒಂದು ಸಂಜೆ ಜೊತೆಗೆ ಕರೆದುಕೊಂಡು ಹೋಗಿ, ಕೈಗೊಂದು ಅಳತೆ ಟೇಪು ಕೊಡಿ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿಗಳಿಗೆಂದೇ ಮಾಡಿರುವ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ಯಾವ ಅಡ್ಡಿಯೂ ಇಲ್ಲದ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ನಡೆಯುವವರಿಗೆ ಸಿಗಬೇಕು. ಇಬ್ಬರು ಗಾಲಿಕುರ್ಚಿಯವರು ಎದುರುಬದುರು ಬಂದರೂ ದಾಟಿ ಹೋಗುವಷ್ಟು. ಗಮನಿಸಿ, ಇದು ಫುಟ್‌ಪಾತಿನ ಒಟ್ಟು ಅಗಲವಲ್ಲ. ಮರ, ದೀಪದ ಕಂಬ, ವಿದ್ಯುತ್ ಪೆಟ್ಟಿಗೆ, ಅಂಗಡಿ ಮುಂದೆ ನಿಂತು ಶೋಕೇಸ್ ನೋಡುವವರು, ಇವೆಲ್ಲ ಬಿಟ್ಟು ಉಳಿಯಬೇಕಾದ ಅಗಲ. ಪೇಟೆಯಲ್ಲಿ ಎರಡೂವರೆ ಮೀಟರ್ ಇದ್ದರೂ ಹೆಚ್ಚೇನಲ್ಲ. ರಸ್ತೆಯಿಂದ ಎತ್ತರ 15 ಸೆಂಟಿಮೀಟರ್ ಮೀರಬಾರದು.

ನಮ್ಮ ಊರುಗಳಲ್ಲಿ ಮೊಣಕಾಲುದ್ದದ ಫುಟ್‌ಪಾತ್ ಏಕಿದೆ ಗೊತ್ತೆ? ಅದು ಫುಟ್‌ಪಾತೇ ಅಲ್ಲ, ಚರಂಡಿಯ ಮುಚ್ಚಳ. ಮೊದಲು ಚರಂಡಿ ಕಟ್ಟುತ್ತಾರೆ, ಮೇಲೆ ಕಲ್ಲುಚಪ್ಪಡಿ ಹೊದಿಸುತ್ತಾರೆ, ಅದಕ್ಕೆ ಫುಟ್‌ಪಾತ್ ಎಂದು ಹೆಸರಿಡುತ್ತಾರೆ. ಹೂಳು ತೆಗೆಯಲು ಒಂದು ಚಪ್ಪಡಿ ಎತ್ತಿದರೆ ಅದು ವಾಪಸ್ ಕೂರುವಾಗ ಎರಡು ಬೆರಳು ಓರೆ. ಅದರ ಮೇಲೆ ಕಾಲಿಟ್ಟರೆ "ಟಕ್" ಅನ್ನುತ್ತದೆ, ಮಳೆಗಾಲವಾದರೆ ಸೀರೆ ನೆರಿಗೆಗೆ ಕೆಸರು ಚಿಮ್ಮುತ್ತದೆ. ಮುಂದೆ ಮನೆಯೊಂದರ ಗೇಟು. ಅವರ ಕಾರು ಸಲೀಸಾಗಿ ಒಳಗೆ ಹೋಗಲೆಂದು ಫುಟ್‌ಪಾತನ್ನೇ ಕಡಿದು ಇಳಿಜಾರು ಮಾಡಿರುತ್ತಾರೆ. ನೀವು ಇಳಿಯಬೇಕು, ಹತ್ತು ಹೆಜ್ಜೆಗೆ ಮತ್ತೆ ಹತ್ತಬೇಕು. ಮುಂದಿನ ಗೇಟಿಗೆ ಮತ್ತೆ ಅದೇ. ಮಂಡಿನೋವಿರುವವರು ನಾಲ್ಕನೆಯ ಗೇಟಿಗೆ ರಸ್ತೆಗಿಳಿಯುತ್ತಾರೆ, ಇಳಿಯಲೇಬೇಕು.

ಸರಿಯಾದ ರೀತಿ ಇದಕ್ಕೆ ತಿರುಗುಮುರುಗು. ಫುಟ್‌ಪಾತ್ ಗೇಟಿನ ಮುಂದೆಯೂ ಅದೇ ಮಟ್ಟದಲ್ಲಿ ಸಾಗಬೇಕು. ಹತ್ತಿ ಇಳಿಯುವ ಕೆಲಸ ಕಾರಿನದು, ಅದಕ್ಕೆ ಎಂಜಿನ್ ಇದೆ.

ಹಳದಿ ಉಬ್ಬು ಹೆಂಚುಗಳನ್ನು ನೋಡಿರುತ್ತೀರಿ. ಉದ್ದ ಗೆರೆಯ ಹೆಂಚು "ಹೀಗೇ ನಡೆ" ಎಂದು, ಚುಕ್ಕೆಯ ಹೆಂಚು "ನಿಲ್ಲು, ಮುಂದೆ ಏನೋ ಇದೆ" ಎಂದು ದೃಷ್ಟಿ ಇಲ್ಲದವರಿಗೆ ಹೇಳುತ್ತವೆ. ಗುತ್ತಿಗೆದಾರರು ಇವನ್ನು ಅಲಂಕಾರವೆಂದು ತಿಳಿದು ಗೆರೆಯ ಹೆಂಚನ್ನು ನೇರ ಕಂಬದ ಬುಡಕ್ಕೆ ಒಯ್ದು ಮುಟ್ಟಿಸಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ.

ಮಗ ಇನ್ನೂ ವಾದ ಮಾಡಿದರೆ ಇದನ್ನೂ ಹೇಳಿ: ಯೋಗ್ಯ ಫುಟ್‌ಪಾತ್ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ.

ಪ್ರಶ್ನೆ: ಮೊದಲೇ ಬೆಂಗಳೂರಿನಲ್ಲಿ ಟ್ರಾಫಿಕ್ ಜಾಮ್. ಅದರ ಮೇಲೆ ಟೆಂಡರ್ ಶ್ಯೂರ್ ಯೋಜನೆ ಎಂದು ರಸ್ತೆ ಕಿರಿದು ಮಾಡಿ, ನಾಲ್ಕು ಜನ ನಡೆಯದ ಕಡೆ ದೊಡ್ಡ ಫುಟ್‌ಪಾತ್ ಮಾಡುತ್ತಾರೆ. ತೆರಿಗೆ ಕಟ್ಟುವ ಕಾರಿನವರು ಏನು ಪಾಪ ಮಾಡಿದ್ದೇವೆ?
— ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ಸ್ವಾಮಿ, ಕೊಡ ಎಷ್ಟೇ ದಪ್ಪವಿರಲಿ, ನೀರು ಬರುವುದು ಕಂಠದ ಅಗಲದಷ್ಟೇ. ಪೇಟೆ ರಸ್ತೆಗೆ ಸಿಗ್ನಲ್ಲೇ ಕಂಠ. ನಾಲ್ಕು ದಾರಿ ಕೂಡುವಲ್ಲಿ ನಿಮ್ಮ ದಾರಿಗೆ ಸಿಗುವ ಹಸಿರು ದೀಪ ಒಟ್ಟು ಹೊತ್ತಿನ ಮೂರರಲ್ಲೋ ನಾಲ್ಕರಲ್ಲೋ ಒಂದು ಪಾಲು. ಹೀಗಿರುವಾಗ ಎರಡು ಸಿಗ್ನಲ್‌ಗಳ ನಡುವಿನ ರಸ್ತೆಗೆ ಇನ್ನೊಂದು ಲೇನ್ ಸೇರಿಸಿದರೆ ಮುಂದಿನ ಸಿಗ್ನಲ್ಲಿಗೆ ಬೇಗ ಹೋಗಿ ಹೆಚ್ಚು ಹೊತ್ತು ಕಾಯುತ್ತೀರಿ, ಅಷ್ಟೆ.

ಹಳೆಯ ರೆಸಿಡೆನ್ಸಿ ರಸ್ತೆಯಂಥ ರಸ್ತೆಗಳ ತೊಂದರೆ ಅಗಲ ಕಡಿಮೆ ಎಂಬುದಾಗಿರಲಿಲ್ಲ, ಅಗಲ ಒಂದೇ ಸಮ ಇರಲಿಲ್ಲ. ಇಲ್ಲಿ ಮೂರು ಲೇನ್, ಅಲ್ಲಿ ಮೂರೂವರೆ, ಮುಂದೆ ಕಟ್ಟಡವೊಂದು ಚಾಚಿಕೊಂಡ ಕಡೆ ಎರಡೂವರೆ. ಆ ಅರ್ಧ ಲೇನಿನಲ್ಲಿ ಒಂದು ಆಟೊ ಮೂತಿ ತೂರಿಸುತ್ತದೆ, ಮುಂದೆ ರಸ್ತೆ ಕಿರಿದಾದಾಗ ಪಕ್ಕದವನ ಮೇಲೆ ಬೀಳುತ್ತದೆ, ಹಿಂದಿನವರೆಲ್ಲ ಬ್ರೇಕ್ ಒತ್ತುತ್ತಾರೆ. ಟೆಂಡರ್ ಶ್ಯೂರ್‌ನಲ್ಲಿ ಲೇನಿನ ಅಗಲವನ್ನು ಉದ್ದಕ್ಕೂ ಒಂದೇ ಸಮ ಮಾಡಿ, ಮಿಕ್ಕ ಜಾಗವನ್ನು ಫುಟ್‌ಪಾತಿಗೆ ಕೊಟ್ಟರು. ಕರೆಂಟು, ನೀರು, ಕೇಬಲ್ಲುಗಳಿಗೆ ಅದರ ಕೆಳಗೆ ಕೊಳವೆ ಹಾಕಿದ್ದರಿಂದ ಡಾಂಬರು ಹಾಕಿದ ಮಾರನೆಯ ದಿನವೇ ಅಗೆಯುವ ನಮ್ಮ ಹಳೆಯ ಸಂಪ್ರದಾಯಕ್ಕೂ ಆ ಮಟ್ಟಿಗೆ ಕಡಿವಾಣ ಬಿತ್ತು. ದುಬಾರಿ ಎಂಬ ಟೀಕೆ ಬಂತು, ಅದರಲ್ಲಿ ನಿಜವೂ ಇದೆ. ಎಲ್ಲ ರಸ್ತೆಗೂ ಆ ಬಗೆಯ ಕಲ್ಲು, ಆ ಬಗೆಯ ಕಾಮಗಾರಿ ಬೇಕಿಲ್ಲ. ಲೇನಿನ ಶಿಸ್ತು ಮಾತ್ರ ಎಲ್ಲ ಕಡೆಗೂ ಬೇಕು. ಪೇಟೆಯ ವೇಗಕ್ಕೆ ಮೂರು ಮೀಟರಿನ ಲೇನ್ ಸಾಕು, ಬಸ್ಸು ಓಡುವಲ್ಲಿ ತುಸು ಹೆಚ್ಚು.

ವೇಗ ಎಂದೆನಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಎದುರಿಗೆ ಮಗು ಬಂದರೆ ನಿಮ್ಮ ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಕಾರು ಸುಮಾರು 14 ಮೀಟರ್ ದಾಟಿರುತ್ತದೆ. 30ರಲ್ಲಿ ಎಂಟು ಮೀಟರ್ ಚಿಲ್ಲರೆ. ಜನರೂ ವಾಹನಗಳೂ ಬೆರೆಯುವ ಬೀದಿಗಳಲ್ಲಿ 30ರ ಮಿತಿ ಇರಲಿ ಎಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಇದಕ್ಕೇ. ಹೇಗೂ ಸಂಜೆ ಆರಕ್ಕೆ ನಿಮ್ಮ ರಸ್ತೆಯಲ್ಲಿ 30ರ ವೇಗ ಸಿಕ್ಕರೆ ಅದೇ ಹಬ್ಬ.

ಇನ್ನು ತೆರಿಗೆ. ಚಪ್ಪಲಿ ಕೊಳ್ಳುವವನೂ ತೆರಿಗೆ ಕಟ್ಟುತ್ತಾನೆ. ಕಾರು ನಿಲ್ಲಿಸಿದ ಮೇಲೆ ಅಂಗಡಿಯವರೆಗೆ ನೀವೂ ನಡೆದೇ ಹೋಗುವುದು.

ಪ್ರಶ್ನೆ: ಸಾಹೇಬ್ರ, ನಮ್ಮ ಸರ್ಕಲ್‌ದಾಗ ರಸ್ತೆ ದಾಟೂದ ಒಂದು ಯುದ್ಧ ಆಗೇತ್ರಿ. ನಮ್ಮವ್ವಗ ಎಪ್ಪತ್ತೆರಡು ವರ್ಷ. ಅಕಿ ಅರ್ಧ ದಾಟೂದ್ರಾಗ ಗಾಡಿ ಬಿಡ್ತಾರ. ಸ್ಕೈವಾಕ್ ಕಟ್ರಿ ಅಂತ ಓಣಿ ಮಂದಿ ಎಲ್ಲಾ ಸೇರಿ ಅರ್ಜಿ ಕೊಡಬೇಕಂತ ಮಾಡೀವಿ. ಸರಿ ಏನ್ರಿ?
— ಬ್ಯಾಂಕ್ ನೌಕರ, ಹುಬ್ಬಳ್ಳಿ

ಉತ್ತರ: ಬ್ಯಾಡ್ರಿ! ಕೆಳಗೆ ಲಾರಿ, ಬಸ್ಸು ಹೋಗಬೇಕಾದ್ದರಿಂದ ಸ್ಕೈವಾಕ್ ಸುಮಾರು ಆರು ಮೀಟರ್ ಎತ್ತರ ಇರಬೇಕಾಗುತ್ತದೆ. ಮೆಟ್ಟಿಲು ಲೆಕ್ಕದಲ್ಲಿ ನಲವತ್ತರ ಹತ್ತಿರ. ಅವ್ವ ಹತ್ತುತ್ತಾರೆಯೇ? ಲಿಫ್ಟ್ ಇಡುತ್ತಾರೆ, ಕೆಟ್ಟರೆ ರಿಪೇರಿಗೆ ಬರುವವರಿಲ್ಲ. ಹೆದ್ದಾರಿಗೆ ಸ್ಕೈವಾಕ್ ಸರಿ. ಪೇಟೆ ಸರ್ಕಲ್ಲಿನಲ್ಲಿ ಅದು ವಾಹನಗಳಿಗೆ ಮಾಡಿಕೊಟ್ಟ ಅನುಕೂಲ, ಬೋರ್ಡು ಮಾತ್ರ ಪಾದಚಾರಿಗಳ ಹೆಸರಿನಲ್ಲಿ.

ಅರ್ಜಿಯನ್ನು ಬೇರೆ ಥರ ಬರೆಯಿರಿ. ಮೊದಲು ದಾಟುವ ಹೊತ್ತು ಕೇಳಿ. ರಸ್ತೆ 14 ಮೀಟರ್ ಅಗಲವಿದೆ ಎಂದುಕೊಳ್ಳೋಣ. ಸಿಗ್ನಲ್ ಲೆಕ್ಕ ಹಾಕುವವರು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದು ಹಿಡಿಯುತ್ತಾರೆ, 12 ಸೆಕೆಂಡಿಗೆ ಮುಗಿಯಿತು. ಅವ್ವನ ನಡಿಗೆ 0.8 ಮೀಟರ್ ಇದ್ದರೂ ಹೆಚ್ಚು. ಅವರಿಗೆ ಹದಿನೇಳು ಹದಿನೆಂಟು ಸೆಕೆಂಡ್ ಬೇಕು. ಅರ್ಧ ದಾರಿಯಲ್ಲಿ ಗಾಡಿ ಬಿಡುವುದು ಯಾರದೋ ಕೆಟ್ಟತನವಲ್ಲ, ಲೆಕ್ಕದಲ್ಲಿ ಅವ್ವನೇ ಇಲ್ಲ. ಆ ಲೆಕ್ಕ ಬದಲಾಯಿಸಲು ಬಿಡಿಗಾಸೂ ಖರ್ಚಿಲ್ಲ.

ಆಮೇಲೆ ದೂರವನ್ನೇ ಕಡಿಮೆ ಮಾಡಿಸಿ. ಮೂಲೆಯ ಫುಟ್‌ಪಾತನ್ನು ಎರಡೂ ಬದಿಯಿಂದ ಎರಡೆರಡು ಮೀಟರ್ ಮುಂದಕ್ಕೆ ತಂದರೆ 14 ಮೀಟರ್ ಇದ್ದದ್ದು 10 ಆಗುತ್ತದೆ. ಅಲ್ಲಿ ಈಗ ಇರುವುದು ಏನು ಹೇಳಿ? ಅಡ್ಡಾದಿಡ್ಡಿ ನಿಂತ ಆಟೊ, ಬೈಕು. ನಿಂತ ಗಾಡಿಯ ಮರೆಯಿಂದಲೇ ಅವ್ವ ಇಣುಕಿ ರಸ್ತೆಗಿಳಿಯುವುದು, ಬರುವವನಿಗೆ ಆಕೆ ಕಾಣುವುದೇ ಇಲ್ಲ. ಮೂಲೆ ಮುಂದೆ ಬಂದರೆ ಗಾಡಿ ನಿಲ್ಲಿಸುವ ಜಾಗವೂ ಹೋಯಿತು, ಮರೆಯೂ ಹೋಯಿತು. ರಸ್ತೆ ನಡುವೆ ಗಾಲಿಕುರ್ಚಿ ನಿಲ್ಲುವಷ್ಟು ಅಗಲದ ತಂಗುದಾಣ ಇರಲಿ, ಎಡಕ್ಕೆ ತಿರುಗುವ ಮೂಲೆ ಚೂಪಾಗಿರಲಿ. ದುಂಡಗೆ, ವಿಶಾಲವಾಗಿ ಮಾಡಿದ ಮೂಲೆಯಲ್ಲಿ ಯಾರೂ ಬ್ರೇಕ್ ಒತ್ತುವುದಿಲ್ಲ. "ಫ್ರೀ ಲೆಫ್ಟ್" ಎಂಬುದು ನಡೆಯುವವರಿಗೆ ಎಂದೂ ಪುಕ್ಕಟೆಯಲ್ಲ.

ಪ್ರಶ್ನೆ: ನಾನು ಕಾಲೇಜಿಗೆ ಸೈಕಲ್ಲಿನಲ್ಲಿ ಹೋಗುತ್ತೇನೆ. ಸೈಕಲ್ ಲೇನ್ ಎಂದು ಬಣ್ಣ ಬಳಿದರೆ ಒಂದು ವಾರದಲ್ಲಿ ಅದರ ಮೇಲೆ ಕಾರು ನಿಲ್ಲುತ್ತದೆ. ಸೈಕಲ್ಲಿನವರಿಗೆ ಈ ದೇಶದಲ್ಲಿ ಜಾಗವೇ ಇಲ್ಲವೆ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಮೈಸೂರು

ಉತ್ತರ: ಬಣ್ಣಕ್ಕೆ ಯಾರೂ ಹೆದರುವುದಿಲ್ಲಮ್ಮ. ಬೆಂಗಳೂರಿನ ಜಯನಗರದಲ್ಲಿ ದಶಕದ ಹಿಂದೆ ಮಾಡಿದ ಸೈಕಲ್ ಲೇನ್‌ಗಳು ಪಾರ್ಕಿಂಗ್ ಆಗಿಹೋದವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಮಾಡಿದ ಲೇನಿಗೆ ಬೈಕುಗಳು ನುಗ್ಗಿದವು, ಕಂಬಗಳು ಮುರಿದವು. ನಿಮ್ಮ ಊರಿನಲ್ಲೇ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾದಾಗ ಜನ ಖುಷಿಯಿಂದಲೇ ಹತ್ತಿದರು. ಸೈಕಲ್ ಬಂತು, ಅದಕ್ಕೆ ತಕ್ಕ ದಾರಿ ಬರಲಿಲ್ಲ.

ಪೇಟೆಯ ಒಳಬೀದಿಗಳಲ್ಲಿ ಬೇರೆ ಲೇನೇ ಬೇಡ ಎನ್ನುವವನು ನಾನು. ವಾಹನಗಳನ್ನು ನಿಜವಾಗಿ 30ರ ಒಳಗೆ ಇಟ್ಟರೆ ಸೈಕಲ್ ಅವುಗಳ ಜೊತೆಯಲ್ಲೇ ಹೋಗಬಹುದು. ಬೋರ್ಡ್ ಹಾಕಿದರೆ ವೇಗ ಇಳಿಯುವುದಿಲ್ಲ. ಕಿರಿದಾದ ಲೇನ್, ಚೂಪು ಮೂಲೆ, ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದ ಜೀಬ್ರಾ ದಾಟು ಇವು ಇಳಿಸುತ್ತವೆ. ದೊಡ್ಡ ರಸ್ತೆಗಳಲ್ಲಿ ಮಾತ್ರ ಕಟ್ಟೆಯಿಂದ ಬೇರ್ಪಡಿಸಿದ, ಕನಿಷ್ಠ ಎರಡು ಮೀಟರ್ ಅಗಲದ ದಾರಿ ಬೇಕು. ಅದು ನಿಂತ ಕಾರುಗಳ ಆಚೆಗಲ್ಲ, ಕಾರುಗಳಿಗೂ ಫುಟ್‌ಪಾತಿಗೂ ನಡುವೆ ಇರಬೇಕು. ಆಗ ಆ ಕಾರುಗಳೇ ನಿಮಗೆ ಗೋಡೆ. ಬಾಗಿಲು ತೆರೆದರೆ ತಾಗದಂತೆ ಮಧ್ಯೆ ಅರ್ಧ ಮೀಟರಿಗಿಂತ ಹೆಚ್ಚು ಜಾಗ ಬಿಟ್ಟಿರಬೇಕು.

ಇನ್ನೊಂದು ಸಣ್ಣ ಸಂಗತಿ, ಸೈಕಲ್ ತುಳಿಯದ ಎಂಜಿನಿಯರ್‌ಗಳಿಗೆ ಹೊಳೆಯುವುದೇ ಇಲ್ಲ. ಮಳೆನೀರು ಇಳಿಯುವ ಕಬ್ಬಿಣದ ಜಾಲರಿಯ ಸೀಳುಗಳು ರಸ್ತೆಯ ಉದ್ದಕ್ಕೆ ಇದ್ದರೆ ಸೈಕಲ್ಲಿನ ತೆಳು ಚಕ್ರ ಸೀದಾ ಒಳಗೆ. ಅವು ಅಡ್ಡಲಾಗಿರಬೇಕು. ನಿಮ್ಮ ಕಾಲೇಜಿನ ದಾರಿಯಲ್ಲಿ ಅಂಥವು ಎಲ್ಲೆಲ್ಲಿವೆ ಎಂದು ಫೋಟೊ ತೆಗೆದು ಪಾಲಿಕೆಯ ವಾರ್ಡ್ ಎಂಜಿನಿಯರರಿಗೆ ಕಳಿಸಿ. ಜಾಲರಿ ತಿರುಗಿಸಿ ಕೂರಿಸುವುದು ಅರ್ಧ ದಿನದ ಕೆಲಸ.

ಪ್ರಶ್ನೆ: ಫುಟ್‌ಪಾತ್ ಚೆಂದ ಮಾಡುತ್ತಾರೆ ಅಂದರೆ ನಮ್ಮನ್ನು ಎಬ್ಬಿಸುತ್ತಾರೆ ಅಂತಲೇ ಅರ್ಥ. ಹಣ್ಣಿನ ಗಾಡಿ ಎಲ್ಲಿಗೆ ತಳ್ಳಿಕೊಂಡು ಹೋಗೋದು?
— ಹಣ್ಣಿನ ವ್ಯಾಪಾರಿ, ಶಿವಮೊಗ್ಗ

ಉತ್ತರ: ಎಲ್ಲಿಗೂ ಬೇಡಣ್ಣ. ಬೀದಿ ಬದಿ ವ್ಯಾಪಾರಿಗಳಿಗಾಗಿ 2014ರ ಕಾಯ್ದೆ ಇದೆ. ಸಮೀಕ್ಷೆ ಮುಗಿದು ವ್ಯಾಪಾರ ಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ನಿಮ್ಮವರೇ ಇರಬೇಕು. ನಿಮ್ಮ ಹೆಸರು ಸಮೀಕ್ಷೆಯಲ್ಲಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ವಿನ್ಯಾಸದಲ್ಲಿ ನಿಮಗೆ ಜಾಗ ಇರಬೇಕಾದ್ದು ಮರ, ಕಂಬಗಳಿರುವ ಪಟ್ಟಿಯಲ್ಲಿ, ನಡೆಯುವ ಪಟ್ಟಿಯಲ್ಲಲ್ಲ. ಎರಡು ಕಾರು ನಿಲ್ಲುವ ಜಾಗದಲ್ಲಿ ಆರೇಳು ತಳ್ಳುಗಾಡಿ ಹಿಡಿಯುತ್ತವೆ. ಹೀಗೆ ಗುರುತು ಹಾಕಿಸಿಕೊಳ್ಳಿ. ಬಸ್ ಸ್ಟಾಪಿನಿಂದ ಹತ್ತು ಹೆಜ್ಜೆ ದೂರ ಇದ್ದರೆ ಒಳ್ಳೆಯದು, ವ್ಯಾಪಾರವೂ ಆಗುತ್ತದೆ, ಬಸ್ಸಿಗೂ ಅಡ್ಡಿಯಿಲ್ಲ. ರಾತ್ರಿ ಒಂಬತ್ತಕ್ಕೆ ಅಂಗಡಿಗಳ ಶಟರ್ ಇಳಿದ ಮೇಲೆ ಕೆಲಸ ಮುಗಿಸಿ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳು ನಿಮ್ಮ ಗಾಡಿಯ ಬೆಳಕಿನ ಹತ್ತಿರವೇ ಬಂದು ನಿಲ್ಲುತ್ತಾರೆ, ಗಮನಿಸಿರುತ್ತೀರಿ.

ಪ್ರಶ್ನೆ: ನಮ್ಮದು ಸಣ್ಣ ಪಟ್ಟಣ. ಸ್ಮಾರ್ಟ್ ಸಿಟಿ ದುಡ್ಡಿಲ್ಲ. ಬಸ್ ಸ್ಟ್ಯಾಂಡಿನಿಂದ ಸಂತೆ ಮೈದಾನದವರೆಗಿನ ಬೀದಿಯನ್ನು ಬೆಂಗಳೂರಿನ ಚರ್ಚ್ ಸ್ಟ್ರೀಟ್ ಥರ ಮಾಡಬೇಕೆಂದು ಆಸೆ. ಎಲ್ಲಿಂದ ಶುರು ಮಾಡಲಿ?
— ಪುರಸಭೆ ಸದಸ್ಯ, ಹಾಸನ ಜಿಲ್ಲೆ

ಉತ್ತರ: ಚರ್ಚ್ ಸ್ಟ್ರೀಟಿನ ಕಲ್ಲನ್ನು ನೋಡಿ ಮರುಳಾಗಬೇಡಿ. 2018ರಲ್ಲಿ ಹಾಸಿದ ಆ ಕಲ್ಲುಗಳು ವಾಹನಗಳ ಭಾರಕ್ಕೆ ಅಲ್ಲಲ್ಲಿ ಎದ್ದು ಮತ್ತೆ ಮತ್ತೆ ರಿಪೇರಿಗೆ ಬಂದವು. ನೀವು ಅಲ್ಲಿಂದ ಕಲಿಯಬೇಕಾದದ್ದು ಬೇರೆ. 2020ರ ನವೆಂಬರಿನಿಂದ ಮೂರು ನಾಲ್ಕು ತಿಂಗಳು ಶನಿವಾರ, ಭಾನುವಾರ ಅಲ್ಲಿ ವಾಹನ ಸಂಚಾರ ತಡೆದು ಬೀದಿಯನ್ನು ಜನರಿಗೆ ಬಿಟ್ಟಿದ್ದರು. ಅದಕ್ಕೆ ಬೇಕಾದದ್ದು ಬ್ಯಾರಿಕೇಡು, ನಾಲ್ಕು ಜನ ಕಾವಲು, ಮೊದಲೇ ಅಂಗಡಿಯವರ ಜೊತೆ ಮಾತು.

ನೀವು ಸಂತೆ ದಿನದಿಂದ ಶುರು ಮಾಡಿ. ಆ ದಿನ ಹೇಗೂ ಬೀದಿಯಲ್ಲಿ ಗಾಡಿ ಹೋಗುವುದಿಲ್ಲ, ಜನವೇ ತುಂಬಿರುತ್ತಾರೆ. ಅದನ್ನೇ ಅಧಿಕೃತ ಮಾಡಿ, ಎರಡೂ ತುದಿಯಲ್ಲಿ ಬ್ಯಾರಿಕೇಡು ಇಟ್ಟು, ಆಂಬುಲೆನ್ಸಿಗೆ ನಡುವೆ ಮೂರೂವರೆ ಮೀಟರ್ ಬಿಡಿ. ಊರಾಚೆ ಒಂದು ಮೈದಾನದಲ್ಲಿ ಬೈಕು, ಟ್ರ್ಯಾಕ್ಟರು ನಿಲ್ಲಲಿ.

ಎರಡನೆಯದು ಬಸ್ ಸ್ಟ್ಯಾಂಡ್ ಎದುರಿನ ಮೂಲೆ. ಕಾಂಕ್ರೀಟು ಹಾಕುವ ಮೊದಲು ಅಲ್ಲಿ ಖಾಲಿ ಟಾರ್ ಡ್ರಮ್ಮುಗಳನ್ನು ಸಾಲಾಗಿಟ್ಟು ಫುಟ್‌ಪಾತ್ ಎಷ್ಟು ಮುಂದೆ ಬರಬಹುದೆಂದು ನೋಡಿ. ಕೆಎಸ್‌ಆರ್‌ಟಿಸಿ ಡಿಪೊದಿಂದ ಅನುಭವಿ ಚಾಲಕರೊಬ್ಬರನ್ನು ಕರೆಸಿ, ಅತಿ ಉದ್ದದ ಬಸ್ಸನ್ನು ಅಲ್ಲಿ ತಿರುಗಿಸಲು ಹೇಳಿ. ಚಕ್ರ ತಾಗಿದ ಡ್ರಮ್ಮನ್ನು ಒಂದು ಅಡಿ ಹಿಂದೆ ಸರಿಸಿ, ತಾಗದ್ದನ್ನು ಇನ್ನೂ ಒಂದು ಅಡಿ ಮುಂದೆ ತನ್ನಿ. ಒಂದು ತಿಂಗಳು ಹಾಗೇ ಬಿಡಿ. ಆಮೇಲೆ ಸುಣ್ಣದಲ್ಲಿ ಗೆರೆ ಎಳೆದು ಎಂಜಿನಿಯರ್‌ಗೆ ತೋರಿಸಿ ಎಸ್ಟಿಮೇಟ್ ಕೇಳಿ. ಡ್ರಮ್ಮಿಗೆ ಮರಳು ತುಂಬಿಸುವುದನ್ನು ಮಾತ್ರ ಮರೆಯಬೇಡಿ. ಖಾಲಿ ಬಿಟ್ಟರೆ ರಾತ್ರೋರಾತ್ರಿ ಯಾರಾದರೂ ಪಕ್ಕಕ್ಕೆ ಸರಿಸಿ ಅಲ್ಲೇ ಜೀಪು ನಿಲ್ಲಿಸುತ್ತಾರೆ.